ಇಳಿಜಾರು ಬಂದರೆ ಕೀಲಿಗೆ ಹೋಗುವ ಕೈ

ನನಗೆ ಎಲೆಅಡಿಕೆಯ ಚಟವಿಲ್ಲ, ಇಸ್ಪೀಟಿನದೂ ಇಲ್ಲ. ಇರುವುದು ಒಂದೇ ಚಟ, ಉಳಿಸುವುದು. ಮನೆಯಲ್ಲಿ ಯಾರಾದರೂ ಓದುತ್ತ ಕೂತಿರುವಾಗಲೇ ದೀಪ ಆರಿಸಿ ಬೈಸಿಕೊಂಡಿದ್ದೇನೆ. ಹಾವೇರಿಯಿಂದ ಅಗಡಿಯ ಶಾಲೆಗೆ ವಿಜ್ಞಾನ ಕಲಿಸಲು ಇಪ್ಪತ್ತು ವರ್ಷ ಮೊಪೆಡ್ಡಿನಲ್ಲಿ ಓಡಾಡಿದವನು ನಾನು. ರಸ್ತೆ ಕೊಂಚ ಇಳಿದರೂ ಸಾಕು, ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿ, ಅಂಗಿಯಲ್ಲಿ ಗಾಳಿ ತುಂಬಿಕೊಂಡು ಸದ್ದಿಲ್ಲದೆ ಜಾರುತ್ತಿದ್ದೆ. ನಮ್ಮ ಕಡೆ ಗಾಡಿ ಇಟ್ಟವರೆಲ್ಲ ಹೀಗೇ ಬಿಡಿ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ರಾಣೇಬೆನ್ನೂರಿನಿಂದ ಒಂದು ಎಲೆಕ್ಟ್ರಿಕ್ ಸ್ಕೂಟರ್ ತಂದೆ. ಅಂಗಡಿಯವನು, “ಸರ್, ಬ್ರೇಕ್ ಹಿಡಿದ್ರ ಕರೆಂಟು ವಾಪಸ್ ಬ್ಯಾಟರಿಗೆ ಬರತೈತ್ರಿ” ಎಂದಾಗಲೇ ಮನಸ್ಸು ಸೋತಿತ್ತು. ಮನೆಗೆ ಬಂದವರಿಗೆಲ್ಲ ಚಹಾದ ಮೊದಲು ಪಾಠ: ಬೇರೆ ಗಾಡಿಯಲ್ಲಿ ಬ್ರೇಕ್ ಹಿಡಿದರೆ ಓಟದ ಶಕ್ತಿಯೆಲ್ಲ ಬಿಸಿಯಾಗಿ ಹಾಳು. ಇದರಲ್ಲಿ ಗಾಲಿಯೇ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಡೈನಮೋ ಆಗಿ ಕರೆಂಟು ಹುಟ್ಟಿಸುತ್ತದೆ. ಕೊಟ್ಟಿದ್ದೆಲ್ಲ ಬರದು, ಒಂದಿಷ್ಟು ಬರುತ್ತದೆ. ಸೊಪ್ಪು ಸೋಸುತ್ತಲೇ ನನ್ನ ಹೆಂಡತಿ ಗಿರಿಜಾ ಈ ಪಾಠವನ್ನು ಎಷ್ಟು ಸಲ ಕೇಳಿದಳೋ.

ಆಗ ಬಂತು ಅವಳ ತಂಗಿ ಸುಮಾಳ ಕುಬಸ. ಏಳು ತಿಂಗಳ ಬಸುರಿ, ಬ್ಯಾಡಗಿಯ ತವರಿನಲ್ಲಿ ಸೀಮಂತದ ಕಾರ್ಯ. ಹಸಿರು ಸೀರೆ, ಹಸಿರು ಬಳೆ ಅಕ್ಕನೇ ಒಯ್ಯಬೇಕು, ಹನ್ನೊಂದರೊಳಗೆ ಉಡಿಸಬೇಕು. ಕರೆಂಟು ಕೈಕೊಟ್ಟು ಬ್ಯಾಟರಿ ಮುಕ್ಕಾಲು ಮಾತ್ರ ತುಂಬಿತ್ತು. “ಬಸ್ಸಿಗೆ ಹೋಗೂಣ್ರಿ, ತಡಾ ಆದ್ರ ಸುಮಾ ಉಪಾಸ ಕುಂದರತಾಳ” ಎಂದಳು ಗಿರಿಜಾ. ನಾನು ಕೇಳಬೇಕಲ್ಲ! “ಉಳದದ್ದು ಇಳಿಜಾರು ಕೊಡತೈತಿ, ಕುಂದ್ರು” ಎಂದೆ.

ಬ್ಯಾಡಗಿ ಇನ್ನೂ ಮೂರು ಮೈಲಿ ಇರುವಾಗ ಗಾಡಿ ನಿಂತಿತು. ಬಿಸಿಲಲ್ಲಿ ನಾನು ತಳ್ಳುತ್ತಿದ್ದೆ, ಅವಳು ಸೀರೆಯ ಗಂಟನ್ನು ಎದೆಗವುಚಿಕೊಂಡು ನಡೆಯುತ್ತಿದ್ದಳು. ಕಡೆಗೆ ಮೆಣಸಿನಕಾಯಿ ಚೀಲದ ಟ್ರ್ಯಾಕ್ಟರಿನವನೊಬ್ಬ ಗಾಡಿ ಸಮೇತ ಹತ್ತಿಸಿಕೊಂಡ. ಸೀನುತ್ತ ಮನೆ ಮುಟ್ಟಿದಾಗ ಗಂಟೆ ಒಂದು. “ಅಕ್ಕ ಬರೂತನಕ ಕುಬಸದ ಮಣೆ ಮ್ಯಾಲೆ ಕುಂದ್ರಂಗಿಲ್ಲ” ಎಂದು ಸುಮಾ ಹನಿ ನೀರೂ ಕುಡಿಯದೆ ಗೋಡೆಗೆ ಒರಗಿದ್ದಳು. ಅವಳ ಬಾಡಿದ ಮುಖ ನೋಡಿ ಗಿರಿಜಾಳ ಕಣ್ಣು ತುಂಬಿತು.

“ಏನಾತ್ರಿ ಅಳಿಯಂದ್ರ?” ಎಂದರು ಮಾವನವರು. ವಿಜ್ಞಾನದ ಮಾಸ್ತರನ ಮರ್ಯಾದೆಯ ಪ್ರಶ್ನೆ. “ಗಾಡಿದೇನೂ ತಪ್ಪಿಲ್ರಿ. ಗಿರಿಜಾನ ಭಾರಕ್ಕ ನಿಂತೈತಿ” ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಆ ಮಾತು ಆಡಬಾರದಿತ್ತೆಂದು ಹೋಳಿಗೆಯ ಮೊದಲ ತುತ್ತಿಗೇ ಅನಿಸಿತು, ಆದರೆ ನಾಲ್ಕು ಜನರ ಎದುರು ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಮಧ್ಯಾಹ್ನವೆಲ್ಲ ಮಾವನ ಮನೆಯ ಕರೆಂಟು ಕುಡಿಸಿ ಸಂಜೆ ಹೊರಟೆವು. ಮೊದಲ ಇಳಿಜಾರು ಬಂದಾಗ ಹಿಂದೆ ಕೂತಿದ್ದ ಗಿರಿಜಾ ಕೇಳಿದಳು:

“ಈಗ ಕೀಲಿ ಯಾಕ ಬಂದ್ ಮಾಡಿದ್ರಿ?”

“ಇಳಿಜಾರೈತಲ್ಲ, ಉಳೀಲಿ ಅಂತ.”

“ಬರೂವಾಗ?”

“ಆವಾಗೂ... ಮಾಡಿದ್ದೆ.”

“ಬಂದ್ ಮಾಡಿದ್ರ ಕರೆಂಟು ವಾಪಸ್ ಹೆಂಗ ಬರಬೇಕ್ರಿ? ಬಾಗಲಾ ಹಾಕ್ಕೊಂಡು ಬೀಗರನ್ನ ಕರದಂಗಾತು.”

ನಾನು ಕೀಲಿ ತಿರುಗಿಸಿ ಗಾಡಿ ಮತ್ತೆ ಚಾಲೂ ಮಾಡಿದೆ. ಅವಳು ಬಿಡಲಿಲ್ಲ. “ಮತ್ತ, ಇಳಿಜಾರಿನಾಗ ಭಾರ ಜಾಸ್ತಿ ಇದ್ದಷ್ಟು ಕರೆಂಟೂ ಜಾಸ್ತಿ ಬರಬೇಕಲ್ರಿ ಮಾಸ್ತರ?”

ಖರೆ. ನೂರಕ್ಕೆ ನೂರು ಖರೆ. ಗಾಡಿ ನಿಲ್ಲಿಸಿ, “ತಪ್ಪಾತು. ನಾಳೆ ನಿಮ್ಮಪ್ಪಗ ಫೋನ್ ಮಾಡಿ ಹೇಳ್ತೇನಿ” ಎಂದೆ. “ನಾಳೆ ಯಾಕ?” ಎಂದಳು. ರಸ್ತೆಬದಿಯ ಅಂಗಡಿಯ ಫೋನಿನಿಂದಲೇ ಹೇಳಬೇಕಾಯಿತು. ಆ ಕಡೆಯಿಂದ ಸುಮಾಳ ನಗು ಅಂಗಡಿಯವನಿಗೂ ಕೇಳಿಸಿತು.

ಈಗಲೂ ಇಳಿಜಾರು ಕಂಡರೆ ಹಿಂದಿನಿಂದ ಅವಳ ಕೈ ಬಂದು ನನ್ನ ಭುಜ ಹಿಡಿಯುತ್ತದೆ. ಈ ವಯಸ್ಸಿನಲ್ಲೂ ಎಂಥ ಪ್ರೀತಿ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಅವಳ ಕಣ್ಣು ಕೀಲಿಯ ಮೇಲಿದೆ ಎಂದು ನಾನೇಕೆ ಹೇಳಲಿ?