ಬಾಗಿಲಿಗೆ ಕಟ್ಟಿದ ಇಂಗು

ನಾನು ಸಾಫ್ಟ್‌ವೇರ್ ಟೆಸ್ಟರ್. ಅನುಮಾನಪಡುವುದಕ್ಕೇ ನನಗೆ ಸಂಬಳ. ಆದರೆ ನ್ಯೂರೆಂಬರ್ಗಿನ ನಮ್ಮ ಮನೆಯ ಭಾನುವಾರದ ಸಂಜೆಗಳ ಮುಂದೆ ಆಫೀಸಿನ ಅನುಮಾನ ಏನೇನೂ ಅಲ್ಲ. ವಾರಕ್ಕೊಂದು ಪ್ರಸಂಗ ಆಗದಿದ್ದರೆ ಆ ವಾರ ಮುಗಿದಂತೆಯೇ ಅನಿಸುವುದಿಲ್ಲ.

ಎಲ್ಲದಕ್ಕೂ ಕಾರಣ ಒಂದು ಇಂಗ್ಲಿಷ್ ಧಾರಾವಾಹಿ. ಒಂದು ಕಾಲೇಜು ಹಾಸ್ಟೆಲ್, ಅದರೊಳಗೆ ದೆವ್ವ, ರಕ್ತಪಿಶಾಚಿ, ಹುಣ್ಣಿಮೆ ಬಂದರೆ ತೋಳವಾಗುವ ಹುಡುಗ. ನಾನು, ನನ್ನ ಗಂಡ, ಅವನ ಬೆಂಗಳೂರಿನ ಬ್ಯಾಚುಲರ್ ಗೆಳೆಯ, ಇಲ್ಲೇ ತಲೆ ನರೆತ ಧಾರವಾಡದ ಡಾಕ್ಟರು ಸೇರಿ ನೋಡುತ್ತೇವೆ. ಆಮೇಲೆ ಜಗಳದಂತೆ ಕಾಣುವ ಚರ್ಚೆ. ಯಾರಾದರೂ ಕದ್ದು ಮೊದಲೇ ನೋಡಿಕೊಂಡು ಬಂದರೆ ಪಾತ್ರೆ ತೊಳೆಯುವುದು ಅವರ ಪಾಲಿಗೆ.

ಹೆದರಿಕೆ ಇದ್ದದ್ದು ಒಂದೇ. ಹಾಗೂ ಹೀಗೂ ಒದ್ದಾಡಿ ಸಿಕ್ಕಿದ ಮನೆ ಇದು. ಕೀಲಿಕೈ ಕೊಡುವಾಗ ಓನರಮ್ಮ, "ಭಾನುವಾರ ರೂಹೆಟ್ಸೈಟ್, ಸದ್ದು ಕೂಡದು. ದೂರು ಬಂತೋ, ಬೇರೆ ಮನೆ ನೋಡಿಕೊಳ್ಳಿ" ಎಂದಿದ್ದರು. ನಾವೋ, ಪಿಸುಮಾತಿನಲ್ಲಿ ದೆವ್ವ ನೋಡುವ ಜನವಲ್ಲ.

ಡಾಕ್ಟರ ಭವಿಷ್ಯ

ಡಾಕ್ಟರು ಹೇಳಿದ್ದೆಲ್ಲ ನಡೆಯುತ್ತಿತ್ತು. "ಈ ವಾರ್ಡನ್ ಬಾಯಿ ಉಳಿಯೂದಿಲ್ಲ ನೋಡ್ರಿ" ಎಂದರು, ಮುಂದಿನ ವಾರವೇ ಆಕೆ ಹೋದಳು. ನನಗೆ ಅನುಮಾನ ಶುರುವಾಯಿತು.

"ಡಾಕ್ಟ್ರೇ, ನೀವು ಮೊದಲೇ ನೋಡ್ಕೊಂಡು ಬರ್ತೀರ. ಒಪ್ಕೊಂಬಿಡಿ."

"ನಮ್ಮವ್ವನಾಣಿ ಇಲ್ರೀ! ಆಕಿ ಮಾರಿ ನೋಡ್ಲಿಲ್ಲೇನು? ಬಿಳಿಚಿಕೊಂಡದ, ಕಣ್ಣಾಗ ರಕ್ತ ಇಲ್ಲ. ಆ ಪಿಶಾಚಿ ದಿನಾ ಹೀರಾಕತ್ತಾನ. ಇಷ್ಟು ತಿಳೀಲಿಕ್ಕೆ ಎಪಿಸೋಡ್ ಯಾಕ ಬೇಕು?"

ಹೇಳುತ್ತ ಹೇಳುತ್ತ ಅವರ ನೋಟ ಟಿವಿಯಿಂದ ನಮ್ಮ ಕಡೆ ತಿರುಗಿತು. ಒಬ್ಬೊಬ್ಬರ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಅವತ್ತು ಪಿಶಾಚಿ ಹಿಡಿದದ್ದು ಒಬ್ಬಳನ್ನೇ; ಡಾಕ್ಟರು ನಮ್ಮೆಲ್ಲರಿಗೂ ಕಬ್ಬಿಣದ ಮಾತ್ರೆ, ವಿಟಮಿನ್ ಡಿ ಹೇಳಿ ಹೋದರು.

ಅತ್ತೆಯ ತೀರ್ಪು

ಮೈಸೂರಿನಿಂದ ಅತ್ತೆ ಬಂದರು. ಮೊದಲ ದಿನವೇ ದೆವ್ವವನ್ನು ಫೇಲು ಮಾಡಿದರು. "ಕಾಲು ನೆಟ್ಟಗಿದೆ, ಶೂ ಬೇರೆ ಹಾಕ್ಕೊಂಡಿದೆ. ಇದ್ಯಾವ ಸೀಮೆ ದೆವ್ವ ಕಣಮ್ಮ?"

ರಕ್ತಪಿಶಾಚಿ ಮಾತ್ರ ಅವರಿಗೆ ಹಿಡಿಸಿದ. ಮನೆಯವರು ಬಾಯಿಬಿಟ್ಟು ಕರೆಯುವವರೆಗೂ ಅವನು ಹೊಸಿಲು ದಾಟುವುದಿಲ್ಲ ಎಂದು ಗೊತ್ತಾದಾಗ ಅತ್ತೆ, "ಎಷ್ಟು ಮರ್ಯಾದಸ್ಥ! ನಿಮ್ಮ ಮಾವನ ಕಡೆಯವರಿಗೆ ತೋರಿಸ್ಬೇಕು ಇದನ್ನ" ಎಂದರು.

ಬೆಳ್ಳುಳ್ಳಿ ಕಂಡರೆ ಅವನು ಓಡಿಹೋಗುತ್ತಾನೆ ಎಂದಾಗ ಮಾತ್ರ ಅತ್ತೆಯ ಮುಖ ಬಾಡಿತು. ಅವರ ಅಡುಗೆಮನೆಗೆ ಬೆಳ್ಳುಳ್ಳಿ ಎಂದೂ ಬಂದದ್ದಿಲ್ಲ. "ಹಾಗಾದ್ರೆ ನಮ್ಮಂಥವರಿಗೇನೇ ಗತಿ?" ಎಂದು ಯೋಚಿಸಿ ಯೋಚಿಸಿ, ಮರುದಿನ ಗಟ್ಟಿ ಇಂಗಿನ ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಬಾಗಿಲಿಗೆ ತೂಗುಹಾಕಿದರು. "ಬೆಳ್ಳುಳ್ಳಿಗೆ ಹೆದರೋನು ಇಂಗಿಗೆ ಹೆದರಲ್ವೇ?"

ಪಿಶಾಚಿ ಬಂತೋ ಇಲ್ಲವೋ ಗೊತ್ತಿಲ್ಲ. ಪಾರ್ಸೆಲ್ ತರುವವನು ಅಂದಿನಿಂದ ಕೆಳಗೇ ಇಟ್ಟುಹೋಗತೊಡಗಿದ.

ಕೆಳಮನೆಯವರು

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ಜರ್ಮನ್ ತಾತ. ಉದ್ದ ಆಳು, ಸುಣ್ಣದಂಥ ಮೈಬಣ್ಣ. ಹಗಲೆಲ್ಲ ಕಿಟಕಿಯ ರೋಲಾಡನ್, ಅಂದರೆ ಹೊರಗಿನ ಸುರುಳಿ ಪರದೆ, ಇಳಿದೇ ಇರುತ್ತದೆ. ಕತ್ತಲಾಗುವ ಹೊತ್ತಿಗೆ ನೆಲಮಾಳಿಗೆಯ ಕೆಲ್ಲರ್‌ಗೆ ಇಳಿದು ಕೆಂಪಗಿನದೇನೋ ತುಂಬಿದ ಬಾಟಲಿ ಹಿಡಿದು ಬರುತ್ತಾರೆ. ನಾವು ಕೂಗಿದಾಗೆಲ್ಲ ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಚಾವಣಿಗೆ ಕುಟ್ಟುತ್ತಾರೆ.

"ಗುರು, ನಂಗ್ಯಾಕೋ ಡೌಟು. ಎಲ್ಲಾ ಮ್ಯಾಚ್ ಆಗ್ತಿದೆ" ಎಂದ ಬ್ಯಾಚುಲರ್.

"ಸುಮ್ನಿರು ಮಗಾ, ಅದು ವೈನು" ಎಂದ ನನ್ನ ಗಂಡ.

ಅತ್ತೆ ಪರೀಕ್ಷೆ ಮಾಡಿಯೇ ಬಿಡೋಣವೆಂದು ಒಂದು ಡಬ್ಬಿ ಕೋಡುಬಳೆ ಹಿಡಿದು ಹೋಗಿ ಬಂದರು. "ಡಬ್ಬಿ ತಗೊಂಡ್ರು. ನಕ್ಕಾಗ ಹಲ್ಲು ನೋಡ್ದೆ. ಕಟ್ಟಿಸಿದ್ದು ಕಣೆ. ನಿಜವಾದ್ದು ಹೇಗಿತ್ತೋ ಯಾರಿಗ್ಗೊತ್ತು!"

ಕೊನೆಯ ಎಪಿಸೋಡು

ಕೊನೆಯ ಎಪಿಸೋಡಿನಲ್ಲಿ ತೋಳದ ಹುಡುಗನಿಗೆ ಬೆಳ್ಳಿಯ ಗುಂಡು ತಾಗಿತು. ನಾವೆಲ್ಲ ಒಟ್ಟಿಗೆ ಅವನ ಹೆಸರು ಹಿಡಿದು "ಸತ್ತಾ!" ಎಂದು ಕಿರುಚಿದೆವು. ಕೆಳಗಿನಿಂದ ಕುಟ್ಟುವ ಸದ್ದು ಬರಲಿಲ್ಲ. ಬದಲಿಗೆ ನಮ್ಮ ಬೆಲ್ಲು ಹೊಡೆಯಿತು.

ಹೋಯಿತು ಮನೆ ಅಂದುಕೊಂಡೆ. ಬಾಗಿಲು ತೆಗೆದರೆ ತಾತ. ಕಣ್ಣು ಕೆಂಪಗಾಗಿದೆ. ಇಂಗಿನ ಗಂಟು ಮೂಗಿಗೆ ತಾಗುವಂತೆ ಹೊಸಿಲಾಚೆ ನಿಂತಿದ್ದಾರೆ. ತೋಳದ ಹುಡುಗನ ಹೆಸರು ಹೇಳಿ, ಅಚ್ಚ ಕನ್ನಡದಲ್ಲಿ ಕೇಳಿದರು: "ಸತ್ತಾ?"

ನಮಗೆಲ್ಲ ಜೀವ ಬಾಯಿಗೆ ಬಂತು. ಆಮೇಲೆ ಅವರು ಜರ್ಮನ್‌ನಲ್ಲಿ ಗೋಳು ತೋಡಿಕೊಂಡರು. ಅದೇ ಧಾರಾವಾಹಿ ಅವರೂ ನೋಡುತ್ತಾರೆ. ಜರ್ಮನ್ ಡಬ್ಬಿಂಗ್ ಬರುವುದು ಸೋಮವಾರ. ಭಾನುವಾರ ನಾವು ಯಾರ ಹೆಸರು ಹಿಡಿದು "ಸತ್ತಾ" ಎನ್ನುತ್ತೇವೋ ಅವರು ಸೋಮವಾರ ತಪ್ಪದೆ ಸಾಯುತ್ತಾರೆ. "ನಾನು ಕುಟ್ಟಿದ್ದು ಸದ್ದಿಗಲ್ಲ. ದಯವಿಟ್ಟು ಕಥೆ ಹೇಳಬೇಡಿ ಅಂತ!"

ಅಯ್ಯೋ ಪಾಪ ಎನಿಸಿತು. ಒಳಗೆ ಕರೆಯಲು ಬಾಯಿ ತೆರೆದೆ. ಹಿಂದಿನಿಂದ ಅತ್ತೆ ಕುರ್ತಾ ಹಿಡಿದು ಜಗ್ಗಿದರು. "ಕರೀಬೇಡ್ವೇ! ಕರೆದ್ರೇ ತಾನೇ ಅವ್ರು ಒಳಗ್ ಬರೋದು!"

ಆದರೂ ಕರೆದೆ. ಅತ್ತೆ ಇಂಗು ಸುರಿದ ಸಾರು ಅನ್ನ ಮುಂದಿಟ್ಟು ಕಣ್ಣು ಮಿಟುಕಿಸದೆ ನೋಡಿದರು. ತಾತ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು. ಅಂದಿನಿಂದ ಅವರೂ ನಮ್ಮ ಭಾನುವಾರದ ಸದಸ್ಯರು. ಧಾರಾವಾಹಿಯನ್ನು ಮೊದಲಿನಿಂದ ಮತ್ತೆ ಶುರುಮಾಡಿದ್ದೇವೆ.

ಮನೆ ಉಳಿಯಿತು ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಓನರಮ್ಮನ ಫೋನು. ದೂರು ಬಂದೇಬಿಟ್ಟಿದೆ, ಮೇಲಿನ ಮನೆಯಿಂದ! ನಮ್ಮಲ್ಲಿ ಭಾನುವಾರ ಒಬ್ಬ ಗಂಡಸು ಜರ್ಮನ್‌ನಲ್ಲಿ ಅರಚುತ್ತಾನಂತೆ.

"ಅದು ನಾವಲ್ಲ, ಕೆಳಮನೆಯವರು" ಎಂದೆ.

"ಸುಳ್ಳು ಹೇಳಬೇಡಿ!" ಎಂದರು ಓನರಮ್ಮ. "ಅವರು ಈ ಕಟ್ಟಡಕ್ಕೆ ಬಂದಾಗಿನಿಂದ ಯಾರ ಮನೆಯ ಹೊಸಿಲನ್ನೂ ದಾಟಿದವರಲ್ಲ."

ಹೇಗೆ ನಂಬಿಸುವುದು? ಫೋನಿಗೆ ಕೈ ಅಡ್ಡ ಹಿಡಿದು ಅತ್ತೆಗೆ ವಿಷಯ ಹೇಳಿದೆ. ಅತ್ತೆ ಸೌಟು ಕೆಳಗಿಡದೆ ಅಂದರು: "ಇಷ್ಟು ವರ್ಷ ಯಾರಾದ್ರೂ ಕರೆದಿದ್ರಾ, ಕೇಳು."