ಆಸ್ಪರಿ ಕಡೆ ಮುಖ ಮಾಡಿ ನಿಂತ ಕಾರು

ನವೆಂಬರ್ ಹತ್ತು, ಸೋಮವಾರ, ಬೆಳಗ್ಗೆ ಹನ್ನೊಂದೂಕಾಲು ಗಂಟೆ. ನನ್ನ ಕಷ್ಟಕಾಲ ಶುರುವಾದ ಗಳಿಗೆ ಅದು. ಡೈರಿಯಲ್ಲಿ ಕೆಂಪು ಶಾಯಿಯಿಂದ ಬರೆದು, ಕೆಳಗೆ ಎರಡು ಗೆರೆ ಎಳೆದಿಟ್ಟಿದ್ದೇನೆ.

ಕಾರಿನ ಕೀ ಕಳೆದುಕೊಂಡವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಇನ್ನೊಂದು ಕೀ ಎಲ್ಲಿದೆ ಎಂಬುದು ಇಡೀ ಓಣಿಗೆ ಗೊತ್ತಿದ್ದರೂ ಅದನ್ನು ತರಿಸದೆ, ಕರ್ನೂಲಿನಿಂದ ಕೀ ಮಾಡುವವನು ಮನೆಬಾಗಿಲಿಗೇ ಬಂದರೂ ಅವನಿಂದಲೂ ಕೀ ಮಾಡಿಸದೆ ಚಹಾ ಕುಡಿಸಿ ಕಳಿಸಿದ ಮಹಾನುಭಾವರು ಯಾರಾದರೂ ಇದ್ದರೆ ಅದು ನಮ್ಮ ಮಾವ ಒಬ್ಬರೇ! ಬೇರೆ ಯಾರಾದರೂ ಇದ್ದಾರೆಂದು ಗೊತ್ತಾದರೆ ನಾನು ಅವರ ಮನೆಯವರನ್ನು ಹುಡುಕಿಕೊಂಡು ಹೋಗಿ, ಪಕ್ಕದಲ್ಲಿ ಕೂತು, ಒಟ್ಟಿಗೆ ಒಂದು ನಿಟ್ಟುಸಿರು ಬಿಟ್ಟು ಬರಲು ಸಿದ್ಧಳಿದ್ದೇನೆ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಆದೋನಿಯಲ್ಲಿ ಹತ್ತಿ ವ್ಯಾಪಾರ. ನಾನು ಇಲ್ಲೇ ಒಂದು ಶಾಲೆಯಲ್ಲಿ ಲೆಕ್ಕ ಕಲಿಸುತ್ತ ಅವರ ಮನೆಯಲ್ಲೇ ಇದ್ದೇನೆ. ಆ ಸೋಮವಾರ ಮಾರ್ಕೆಟ್ ರಸ್ತೆಯಲ್ಲಿ ಹತ್ತಿ ಲಾರಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಕಾರು ಮನೆ ಮುಂದೆಯೇ ಬಿಟ್ಟು, ನನ್ನ ಸ್ಕೂಟಿಯ ಹಿಂದೆ ಕೂತು ಅವರು ಮಾರ್ಕೆಟ್ಟಿಗೆ ಹೋದರು. ಕಾರಿಲ್ಲದಿದ್ದರೂ ಕೀ ಮಾತ್ರ ಕೈಯಲ್ಲೇ ಇತ್ತು. ಅದರ ಬಳೆಯನ್ನು ಬೆರಳಿಗೆ ಉಂಗುರದ ಹಾಗೆ ಏರಿಸಿಕೊಂಡಿರುವುದು ಅವರ ಪದ್ಧತಿ. ಮೊದಲು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಒಂದು ದಿನ ಹಾಗೆಯೇ ಸ್ನಾನ ಮಾಡಿಬಿಟ್ಟರು. ಅತ್ತೆ ಆ ಕೀಯನ್ನು ಅಕ್ಕಿ ಡಬ್ಬಿಯಲ್ಲಿ ಹೂತು ಒಣಗಿಸಿದ ಮೇಲೆ ಉಡಿದಾರದ ಪದ್ಧತಿ ರದ್ದಾಯಿತು.

ಹತ್ತಿ ನೋಡುವವರ ರೀತಿ ನಿಮಗೆ ಗೊತ್ತಿರಬಹುದು. ಮೇಲಿನ ಹತ್ತಿಯನ್ನು ಯಾರೂ ನಂಬುವುದಿಲ್ಲ. ಬೋರಾ ಚೀಲದೊಳಗೆ ಕಂಕುಳದವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ಕಿತ್ತು, ಬೆಳಕಿಗೆ ಹಿಡಿದು ಎಳೆ ಎಳೆದು ನೋಡಬೇಕು. ಮಾವ ಅಂದು ಬೆಳಗ್ಗೆಯಿಂದ ಅದನ್ನೇ ಮಾಡಿದ್ದರು. ಎಳೆ ಬಂತು, ಬಳೆ ಬರಲಿಲ್ಲ!

ನಾನು ಏಳನೆಯ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಾಗ ಫೋನು ಬಂತು.

"ಏ ಯವ್ವಾ, ಕೀ ಹತ್ತಿ ಒಳಗ ಹೋತು!"

"ಯಾವ ಹತ್ತಿ ಒಳಗ ಮಾವ?"

"ಯಾವದಂತ ಹೇಳ್ಲಿ? ಇವತ್ತು ಇಡೀ ಮಾರ್ಕೆಟ್ಟಿಗೇ ಕೈ ಹಾಕೀನಿ!"

ಸಂಜೆಯ ಹೊತ್ತಿಗೆ ಆ ಬೋರಾಗಳೆಲ್ಲ ಒಂದೊಂದು ದಿಕ್ಕಿನ ಜಿನ್ನಿಂಗ್ ಮಿಲ್ಲಿಗೆ ಹೋಗಿ ಮುಟ್ಟಿದ್ದವು. ಮಿಲ್ಲಿನವರು ಕಬ್ಬಿಣ ಹಿಡಿಯುವ ಅಯಸ್ಕಾಂತ ನೋಡಿ, ಎರಡು ಮೊಳೆ, ಒಂದು ಕುಡುಗೋಲಿನ ತುಂಡು ಸಿಕ್ಕಿದೆ, ಬೇಕೇ ಎಂದು ಕೇಳಿದರು. ಕೀ ಒತ್ತಿ ಕಟ್ಟಿದ ಯಾವುದೋ ಹತ್ತಿ ಬೇಲ್ ಒಳಗೆ ಹೂತು, ಯಾವುದೋ ಊರಿಗೆ ಹೋಗಿರಬೇಕು. ಯಾರದೋ ಅಂಗಿಯ ಜೇಬಿನಿಂದ ಎಂದಾದರೂ ಬೀಪ್ ಸದ್ದು ಕೇಳಿದರೆ ಅದು ನಮ್ಮದೇ.

ಅಂದಿನಿಂದ ನಾನೇ ಕಾರು. ಮೊದಲ ವಾರದ ಲೆಕ್ಕ ಡೈರಿಯಲ್ಲಿದೆ: ಮಾವ ಮಾರ್ಕೆಟ್ಟಿಗೆ ಆರು ಸಲ, ಅತ್ತೆ ಗುಡಿಗೆ ಎರಡು ಸಲ, ಹಿಂಡಿ ಚೀಲ ಒಂದು ಸಲ, ನಾನು ಶಾಲೆಗೆ ತಡ ನಾಲ್ಕು ಸಲ. ಹಿಂದೆ ಕೂತ ಮಾವ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತಿದ್ದನ್ನು ಎಣಿಸಲು ಹೋಗಿ ಮೊದಲ ದಿನವೇ ಕೈಬಿಟ್ಟೆ.

"ನಿಧಾನ ಹೋಗವ್ವಾ, ಕುರಿ ಬಂತು!"

"ಕುರಿ ಆ ದಂಡೀಗೆ ಅದಾವ ಮಾವ."

"ಈ ದಂಡೀಗೆ ಬರಾಂಗ ನೋಡಾಕ ಹತ್ಯಾವ!"

ಇನ್ನು ಆ ಎರಡನೆಯ ಕೀಯ ವಿಷಯ. ಮಾವನಿಗೆ ಒಬ್ಬ ತಮ್ಮ. ನಾವೆಲ್ಲ ಸಣ್ಣ ಮಾವ ಎನ್ನುತ್ತೇವೆ. ಮೂರು ವರ್ಷಗಳ ಹಿಂದಿನವರೆಗೆ ಇಬ್ಬರದೂ ಒಂದೇ ಅಂಗಡಿ, ಒಂದೇ ತಕ್ಕಡಿ, ಒಂದೇ ಕಾರು. ಒಂದು ಲೋಡು ಹತ್ತಿಯ ಭಾವಕ್ಕೆ ಸಂಬಂಧಿಸಿ ಒಂದು ಮಾತು ಬಂತು. ಆ ಮಾತಿಗೆ ಇನ್ನೊಂದು ಮಾತು ಬಂತು. ಆಮೇಲೆ ಮಾತೇ ನಿಂತುಹೋಯಿತು. ಪೆದ್ದಕಡುಬೂರಿನಿಂದ ಬಂದ ಹಿರಿಯರು ಕೂತು ಪಾಲು ಮಾಡಿದರು. ಅಂಗಡಿ ಅಣ್ಣನಿಗೆ, ಆಸ್ಪರಿಯ ಹೊಲಮನೆ ತಮ್ಮನಿಗೆ. ಕಾರಿನ ಸರದಿ ಬಂದಾಗ ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಹಿರಿಯರಲ್ಲೊಬ್ಬರು ಎದ್ದು ಹೇಳಿದರಂತೆ: "ಗಾಡಿಗೆ ಎರಡು ಕೀ ಅದಾವು. ನೀವೂ ಇಬ್ರು ಅದೀರಿ. ತಲೀಗೊಂದು ತಗೊಳ್ರಿ. ಏಳ್ರಿ, ಊಟ ಮಾಡೂಣು."

ಹೀಗೆ ಕಾರು ಆದೋನಿಯಲ್ಲಿ ಉಳಿಯಿತು, ಅದರ ಅರ್ಧ ಪಾಲು ಒಂದು ಕೀಯಾಗಿ ಆಸ್ಪರಿಗೆ ಹೋಯಿತು. ಬೇಕಾದಾಗ ಸಣ್ಣ ಮಾವ ಬಂದು ಕಾರು ಒಯ್ಯಬಹುದು. ಅವರು ಒಂದು ಸಲವೂ ಬರಲಿಲ್ಲ.

"ಮಾವ, ನಾ ಹೋಗಿ ಆ ಕೀ ಇಸಗೊಂಡು ಬರ್ಲ್ಯಾ?" ಎಂದು ಒಂದು ಸಂಜೆ ಧೈರ್ಯ ಮಾಡಿ ಕೇಳಿದೆ.

ಮಾವ ಉಣ್ಣುವುದನ್ನು ನಿಲ್ಲಿಸಿದರು. "ಕೊಟ್ಟ ಪಾಲು ವಾಪಸ್ ಕೇಳ್ತಾರೇನು? ಅದೊಂದು ಕೀನೂ ಇಸಗೊಂಡ್ರ ಆತಗೂ ಈ ಮನೀಗೂ ಏನ್ ಉಳೀತು?"

ನಾನು ಎದ್ದು ಹೋಗಿ ನಾಳೆಗೆಂದು ಸ್ಕೂಟಿಗೆ ಪೆಟ್ರೋಲು ಹಾಕಿಸಿಕೊಂಡು ಬಂದೆ.

ಆ ಕಾರಿನ ಬಗ್ಗೆ ಮಾವನಿಗೆ ಇದ್ದ ಹುಚ್ಚುಗಳು ಒಂದೆರಡಲ್ಲ. ಮನೆಗೆ ಒಳ್ಳೆಯ ಶೆಡ್ ಇದೆ. ಅಲ್ಲಿ ಅತ್ತೆಯ ಕಟ್ಟಿಗೆ, ಹಳೆಯ ತಕ್ಕಡಿ ನೆರಳಿನಲ್ಲಿ ಸುಖವಾಗಿವೆ. ಕಾರು ಮಾತ್ರ ಬೀದಿಯಲ್ಲಿ, ಬಿಸಿಲಲ್ಲಿ, ಆಸ್ಪರಿ ರಸ್ತೆಯ ಕಡೆ ಮುಖ ಮಾಡಿ ನಿಲ್ಲಬೇಕು. ಅದರ ಮುಂದೆ ಯಾರಾದರೂ ಆಟೊ ನಿಲ್ಲಿಸಿದರೋ, ಮಾವ ಪಂಚೆ ಎತ್ತಿ ಕಟ್ಟಿಕೊಂಡು ಜಗಳಕ್ಕೆ ಇಳಿದರೆಂದೇ ಲೆಕ್ಕ. ಮನೆಯಲ್ಲಿ ಫ್ಯಾನು ತಿರುಗಿದರೆ ಕರೆಂಟಿನ ಬಿಲ್ಲು ನೆನಪಾಗುವ ಮನುಷ್ಯ ಕಾರಿನ ಎಣ್ಣೆ ಅರ್ಧ ಟ್ಯಾಂಕಿಗಿಂತ ಕೆಳಗಿಳಿಯಲು ಬಿಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಹುಚ್ಚು ಸೀಟಿನದು. ಮಾವ ಗಿಡ್ಡ. ಡ್ರೈವರ್ ಸೀಟು ಮಾತ್ರ ತಾಳೆಮರಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಹಿಂದಕ್ಕೆ ಸರಿದಿದೆ. ಅದನ್ನು ಮುಂದಕ್ಕೆ ಎಳೆದುಕೊಳ್ಳಬಾರದೇ? ಊಹೂಂ! ಬೆನ್ನಿಗೆ ಎರಡು ದಿಂಬು ಇಟ್ಟುಕೊಂಡು, ದಿಂಬಿನಿಂದ ಜಾರಿ ಜಾರಿ ಕ್ಲಚ್ ಮುಟ್ಟುತ್ತಾರೆ. ಇಳಿಯುವಾಗ ಆ ದಿಂಬುಗಳನ್ನು ತೆಗೆದು ಹಿಂದಿನ ಸೀಟಿಗೆ ಇಡುತ್ತಾರೆ. ಯಾಕೆಂದು ಕೇಳಿದರೆ, "ಸೀಟು ಇದ್ದಂಗ ಇರ್ಲಿ ಬಿಡು" ಎಂಬ ಒಂದೇ ಉತ್ತರ. ಇಂಥವರಿಗೆ ಲೈಸೆನ್ಸ್ ಕೊಟ್ಟವರು ಯಾರು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ನವೆಂಬರ್ ಮೂವತ್ತು, ಭಾನುವಾರ, ಬೆಳಗ್ಗೆ ಹತ್ತೂವರೆ. ನನ್ನ ಪ್ರಾರ್ಥನೆ ಫಲಿಸಿತು. ಕರ್ನೂಲಿನಿಂದ ಕೀ ಮಾಡುವ ಭಾಯಿ ತನ್ನ ಪುಟ್ಟ ವ್ಯಾನಿನಲ್ಲಿ ಬಂದರು. ಫೋನು ಮಾಡಿ ಕರೆಸಿದ್ದು ಅತ್ತೆ. ಸ್ಕೂಟಿಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂತು ಅವರ ಸೊಂಟ ಹಿಡಿದಿತ್ತು. ಮಾವ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಭಾಯಿ ವ್ಯಾನಿನಿಂದ ಇಳಿಯುತ್ತಲೇ ಮಾತು ಶುರು ಮಾಡಿದರು. ಬಾಗಿಲಿನ ಸಂದಿಯಲ್ಲಿ ಗಾಳಿ ತುಂಬುವ ಸಣ್ಣ ಚೀಲ ತೂರಿಸಿ, ಉಬ್ಬಿಸಿ, ಉದ್ದನೆಯ ತಂತಿ ಇಳಿಸಿ, ಮಾತು ಮುಗಿಯುವ ಮೊದಲೇ ಬಾಗಿಲು ತೆಗೆದರು. ಮಾವ ಕಣ್ಣು ಬಿಟ್ಟರು.

"ಇಷ್ಟು ಜಲ್ದಿ ತೆಗೀತದಂದ್ರ ಬೀಗ ಯಾಕ ಹಾಕ್ತಾರಪ?"

"ನಮ್ಮ ಹೊಟ್ಟಿ ತುಂಬ್ಲಿ ಅಂತ, ಸಾವ್ಕಾರ್ ಸಾಬ್!"

ಬ್ಯಾಟರಿ ಸೋತಿತ್ತು. ಅದಕ್ಕೆ ಚಾರ್ಜಿಂಗ್ ತಂತಿ ಹಚ್ಚಿದರು. ಸ್ಟೇರಿಂಗಿನ ಕೆಳಗೆ ಒಂದು ವೈರು ಚುಚ್ಚಿ, ಅದರ ಇನ್ನೊಂದು ತುದಿಯ ಪರದೆ ನೋಡುತ್ತ ಕೂತರು. ಕೀಯ ತಲೆಯೊಳಗೆ ಒಂದು ಚಿಪ್ ಇರುತ್ತದಂತೆ. ಕಾರು ಅದರ ಗುರುತು ಹಿಡಿದರೆ ಮಾತ್ರ ಇಂಜಿನ್ ಏಳುವುದಂತೆ. ಇದ್ದಕ್ಕಿದ್ದಂತೆ ತಲೆ ಎತ್ತಿದರು.

"ಸಾವ್ಕಾರ್ ಸಾಬ್, ಗಾಡಿ ಎರಡು ಕೀ ಅಂತದ. ಒಂದು ಹತ್ತಿ ಪಾಲಾತು. ಇನ್ನೊಂದು ಎಲ್ಲೈತಿ?"

ಅತ್ತೆ ಕೆಮ್ಮಿದರು. ಮಾವ, "ಅದು ಐತಿ" ಎಂದರು.

"ಐತಾ! ಕೊಡ್ರಿ ಮತ್ತ, ಹತ್ತು ನಿಮಿಷದ ಕೆಲಸ."

"ಕೊಡಾಕ ಆಗಂಗಿಲ್ಲ."

"ಮುರದೈತಾ?"

"ಇಲ್ಲಪ."

"ನೀರಾಗ ಬಿದ್ದೈತಾ?"

"ಬಿಡ್ತು ಅನ್ನು! ಅದು ಆಸ್ಪರ್ಯಾಗ ಐತಿ. ನನ್ನ ತಮ್ಮನ ಹತ್ರ."

ಭಾಯಿ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಕಾರಿನ ಕೆಳಗೆ ಮಲಗಿದ್ದ ಕುರಿ ಕೂಡ ಎದ್ದು ಹೊರಗೆ ಬಂತು.

"ಸರಿ, ಫಿಕರ್ ಇಲ್ಲ. ಹಳೇವು ಎರಡೂ ಅಳಿಸಿ ಹೊಸಾವು ಎರಡು ಕೂಡಸ್ತೀನಿ."

"ಅಳಿಸಿ ಅಂದ್ರ?"

"ಗಾಡಿ ಹಳೇ ಕೀ ಮರ್ತು ಬಿಡ್ತದ. ಆ ಕೀ ಹಾಕಿದ್ರ ಬಾಗಲಾ ತೆಗೀತದ, ಇಂಜಿನ್ ಮಾತ್ರ ಏಳಂಗಿಲ್ಲ."

ಮಾವ ಕಟ್ಟೆಯಿಂದ ಎದ್ದು ಬಂದರು. "ಅಂದ್ರ ಆತ ಬಂದು ತಿರುವಿದ್ರ..."

"ಸ್ಟಾರ್ಟ್ ಆಗಂಗಿಲ್ಲ."

"ನನ್ನ ಮನೀ ಮುಂದ, ಇಷ್ಟು ಮಂದಿ ನೋಡಾಕ ಹತ್ತಿದಾಗ, ಆತ ಕೀ ತಿರುವಿಕೋತ ಕುಂದ್ರಬೇಕಾ? ಅದೊಂದು ಬಿಟ್ಟು ಉಳಿದದ್ದು ಅಳಿಸಪ."

"ಆಗಂಗಿಲ್ಲ ಸಾಬ್. ಅಳಿಸಿದ್ರ ಎಲ್ಲಾ ಒಮ್ಮೆಲೇ ಹೋಗ್ತಾವು. ಆ ಕೀ ಇಲ್ಲಿದ್ರ ಮಾತ್ರ ಗಾಡಿ ಅದನ್ನ ತಿರುಗಿ ನೆನಪಿಟ್ಕೊಂತದ. ಹೌದೋ ಅಲ್ಲೋ ಹೇಳ್ರಿ, ಬಟನ್ ಒತ್ತಬೇಕು."

ಭಾಯಿಯ ಬೆರಳು ಪರದೆಯ ಮೇಲೆ ಕಾಯುತ್ತಿತ್ತು. ನನ್ನ ಬಾಯಲ್ಲಿ 'ಒತ್ರಿ, ಒತ್ರಿ!' ಎಂಬ ಮಾತು ಕೂತಿತ್ತು. ಮೂರು ವಾರದ ದಣಿವು, ಹಿಂಡಿ ಚೀಲ, ಹೆಡ್ ಮೇಡಂ ಮುಖ ಎಲ್ಲ ಕಣ್ಣ ಮುಂದೆ ಬಂದವು.

"ಬ್ಯಾಡಪ," ಎಂದರು ಮಾವ. "ತೆಗದು ಬಿಡು."

"ಸಾಬ್, ಕರ್ನೂಲಿನಿಂದ ಬಂದೀನಿ!"

"ಬಂದದ್ದಕ್ಕ ಏನ್ ಕೊಡಬೇಕೋ ಕೊಡ್ತೀನಿ. ಚಾ ಕುಡಿ. ಬ್ಯಾಟರಿ ಮಾತ್ರ ಪೂರ್ತಿ ತುಂಬಿಸಿ ಹೋಗು."

"ಕೀ ಇಲ್ಲದ ಗಾಡಿಗೆ ಬ್ಯಾಟರಿ ಯಾಕ್ರೀ?"

"ತುಂಬ್ಸಪ," ಎಂದರು ಮಾವ, ಇನ್ನೂ ಮೆಲ್ಲಗೆ.

ಭಾಯಿ ಬ್ಯಾಟರಿ ತುಂಬಿಸಿದರು. ಮಾವ ಹಿಂದಿನ ಸೀಟಿನ ದಿಂಬು ಸರಿಮಾಡಿ, ಬಾಗಿಲ ಚಿಲಕ ಒತ್ತಿ ಮುಚ್ಚಿದರು. ವ್ಯಾನು ಹೋದ ಮೇಲೆ ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ನನ್ನ ಸಂಕಟವನ್ನೆಲ್ಲ ಸುರಿದೆ. ಈ ಮನುಷ್ಯನಿಗೆ ಶೆಡ್ ಬೇಡ, ಕೀ ಬೇಡ, ಸೀಟು ಸರಿಸುವುದೂ ಬೇಡ! ಬೇಕಾದದ್ದಾದರೂ ಏನು?

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಆತನ ಕಾಲು ಉದ್ದ ಅದಾವಲ್ಲ," ಎಂದರು.

"ಯಾರ ಕಾಲು?"

"ನಿಮ್ಮ ಸಣ್ಣ ಮಾವಂದು. ಅದು ಆತನ ಸೀಟು. ಶೆಡ್‌ನಾಗ ಇಟ್ರ ಆತ ಬಂದಾಗ ಬಾಗಲಾ ಬಡೀಬೇಕಾಗ್ತದ. ಕರೀಬೇಕಾಗ್ತದ. ಆತ ಕರಿಯಂಗಿಲ್ಲ, ನಿಮ್ಮ ಮಾವಗ ಗೊತ್ತೈತಿ. ಅದಕ್ಕ ಬೀದ್ಯಾಗ ಇಡ್ತಾರ. ಬಂದು, ಕುಂತು, ತಿರುವಿ, ಹೋಗಲಿ ಅಂತ."

ರೊಟ್ಟಿ ಹಂಚಿನ ಮೇಲೆ ಬಿತ್ತು. ನಾನು ಹೊರಗೆ ಬಂದು ಕಾರು ನೋಡಿದೆ. ಮೂರು ವರ್ಷ ನಾನು ಅದನ್ನು ಹುಚ್ಚು ಎಂದು ಬರೆದಿಟ್ಟಿದ್ದೆ.

ಸಂಜೆ ಮಾವನಿಗೆ ಹೇಳದೆ ಆಸ್ಪರಿಗೆ ಫೋನು ಮಾಡಿದೆ. ಕೀ ಭಾಯಿ ಬಂದದ್ದು, ಅಳಿಸುತ್ತೇನೆ ಎಂದದ್ದು, ಮಾವ ಬೇಡವೆಂದದ್ದು, ಎಲ್ಲ ಹೇಳಿದೆ. ಕೀ ಕೊಡಿ ಎಂದು ಮಾತ್ರ ಕೇಳಲಿಲ್ಲ.

"ಬ್ಯಾಟರಿ?" ಎಂದರು ಸಣ್ಣ ಮಾವ.

"ತುಂಬ್ಸ್ಯಾರ."

"ಎಣ್ಣಿ?"

"ಅರ್ಧ ಟ್ಯಾಂಕಿನ ಮ್ಯಾಲೈತಿ."

ಫೋನು ಇಟ್ಟುಬಿಟ್ಟರು.

ಡಿಸೆಂಬರ್ ಒಂದು, ಸೋಮವಾರ, ಬೆಳಗ್ಗೆ ಆರು ಗಂಟೆ. ಅಂಗಳಕ್ಕೆ ನೀರು ಹಾಕಲು ಹೋದ ಅತ್ತೆ ಕೊಡ ಬಿಟ್ಟು ಕೂಗಿದರು: "ಗಾಡಿ ಹೋತು! ಅಯ್ಯೋ, ಯಾರೋ ಗಾಡಿ ಹೊಡ್ಕೊಂಡು ಹೋದ್ರು!"

ನಾನು ಓಡಿದೆ. ಮಾವ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದರು. ಕಾರು ನಿಂತಿದ್ದ ಕಡೆ ಒಣ ಎಲೆಗಳ ಚೌಕ, ಕುರಿಯ ಹಿಕ್ಕೆ, ಧೂಳಿನಲ್ಲಿ ಆಸ್ಪರಿ ಕಡೆ ಹೋದ ಗಾಲಿಯ ಗುರುತು. ಅಷ್ಟೇ.

"ಪೊಲೀಸರಿಗೆ ಹೇಳ್ರೀ!" ಎಂದರು ಅತ್ತೆ.

ಮಾವ ಕಟ್ಟೆಯ ಕಡೆ ಕೈ ತೋರಿಸಿದರು. ಅಲ್ಲಿ ಎರಡು ದಿಂಬು, ಒಂದರ ಮೇಲೊಂದು, ಮೂಲೆಗೆ ಮೂಲೆ ಕೂಡಿ ಕೂತಿದ್ದವು.

"ಕಳ್ಳರು ದಿಂಬು ಇಳಿಸಿ ಹೋಗ್ತಾರೇನು?" ಎಂದರು. ಆಮೇಲೆ ಕಟ್ಟೆಯ ಮೇಲೆ ಕೂತು, ಆ ಎರಡೂ ದಿಂಬನ್ನು ಬೆನ್ನಿಗೆ ಇಟ್ಟುಕೊಂಡು, ಖಾಲಿ ಜಾಗ ನೋಡುತ್ತ, ಬ್ರಷ್ ತೆಗೆಯುವುದನ್ನು ಮರೆತು, ಒಬ್ಬರೇ ನಕ್ಕರು. "ಒಂದೇ ಸಲಕ್ಕ ಸ್ಟಾರ್ಟ್ ಆಗಿರಬೇಕು ನೋಡವ್ವಾ. ಸದ್ದೇ ಕೇಳ್ಲಿಲ್ಲ."

ಇದನ್ನು ಬರೆಯುವ ಹೊತ್ತಿಗೂ ಕಾರು ತಿರುಗಿ ಬಂದಿಲ್ಲ. ಮಾವ ನನ್ನ ಸ್ಕೂಟಿಯ ಹಿಂದೆ ಕೂತು ಇಲ್ಲದ ಬ್ರೇಕು ಒತ್ತುತ್ತಲೇ ಇದ್ದಾರೆ. ನಾನು ಶಾಲೆಗೆ ತಡವಾಗಿ ಹೋಗುತ್ತಲೇ ಇದ್ದೇನೆ. ಮನೆ ಮುಂದಿನ ಆ ಜಾಗದಲ್ಲಿ ಆಟೊ ನಿಲ್ಲಿಸಲು ಈಗಲೂ ಯಾರಿಗೂ ಅವಕಾಶವಿಲ್ಲ.

ಆಸ್ಪರಿ, ದೇವನಕೊಂಡ ಕಡೆಯ ಓದುಗರಲ್ಲಿ ಒಂದು ವಿನಂತಿ. ಧೂಳು ಹಿಡಿದ ಬಿಳಿ ಕಾರು, ಅದರೊಳಗೆ ಆರಾಮವಾಗಿ ಕಾಲು ಚಾಚಿ ಕೂತ ಒಬ್ಬ ಉದ್ದನೆಯ ಮನುಷ್ಯ ಕಂಡರೆ ದಯವಿಟ್ಟು ನನಗೆ ಬರೆಯಿರಿ. ಅವರನ್ನು ತಡೆಯಬೇಡಿ, ಏನೂ ಕೇಳಬೇಡಿ. ಸಂಜೆ ಅವರು ತಮ್ಮ ಮನೆ ಮುಂದೆ ನಿಲ್ಲಿಸಿದಾಗ ಕಾರಿನ ಮುಖ ಯಾವ ಕಡೆಗಿರುತ್ತದೆ, ಅದೊಂದನ್ನು ನೋಡಿ ತಿಳಿಸಿದರೆ ಸಾಕು. ಮಾವ ದಿನಾ ಕೇಳುತ್ತಾರೆ.