ತವರಿನ ಹಂಡೆಯೂ ಹಬೆಯ ದಿವಾನಖಾನೆಯೂ

ಗಂಡ ಹೆಂಡತಿಯ ಸೀರೆ ಹೊಗಳಿದರೆ ಒಂದು ಅನುಮಾನ, ಹಂಡೆ ಹೊಗಳಿದರೆ ಹತ್ತು ಅನುಮಾನ. "ನಿನ್ನ ತವರುಮನೆ ಹಂಡೆ ಏನ್ ಚಂದ ಮಾರಾಯ್ತಿ!" ಎಂದು ನಮ್ಮವರು, ಅಂದರೆ ಕಲ್ಲೇಶ್, ಒಂದು ಸೋಮವಾರ ಉದ್ಗರಿಸಿದರು. ಬುಧವಾರ ಹಂಡೆ ಬಚ್ಚಲಿನಿಂದ ನಾಪತ್ತೆ.

ಅದು ನನ್ನ ಅವ್ವನ ಹೆಸರು ಕೆತ್ತಿದ ತಾಮ್ರದ ಹಂಡೆ. ಮದುವೆಯಲ್ಲಿ ಕೊಟ್ಟದ್ದು. (ಅದರ ಜೊತೆ ಬಂದ ಮಿಕ್ಕ ಸಾಮಾನುಗಳ ಗತಿ ಕೇಳಬೇಡಿ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ.)

"ಹಂಡೆ ಎಲ್ರೀ?"

"ಕಲಾಯಿಗೆ ಕೊಟ್ಟಿದೀನಿ."

"ನೀರು ಕಾಯ್ಸೋ ಹಂಡೆಗೆ ಯಾರಾದ್ರೂ ಕಲಾಯಿ ಹಾಕಿಸ್ತಾರಾ?"

"ಅಲ್ಲಲ್ಲ, ಬೆಸುಗೆಗೆ," ಎಂದು ಪೇಪರಿನ ಹಿಂದೆ ಮರೆಯಾದರು. ಪೇಪರು ತಲೆಕೆಳಗಾಗಿತ್ತು.

ಆಮೇಲೆ ಗೋಡೆ ಗಡಿಯಾರ ಹೋಯಿತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರಿನ ಚಕ್ರ ಹೋಯಿತು. ಕೊನೆಗೆ ನನ್ನ ಕುಕ್ಕರಿನ ವಿಷಲ್ಲೇ ಹೋಯಿತು! ನಮ್ಮ ಹೋಮ್‌ಸ್ಟೇಯ ಮುಂದಿನ ಕೋಣೆಗೆ ಬೀಗ ಬಿತ್ತು, ಬೀಗದ ಕೈ ಅವರ ಉಡಿದಾರ ಸೇರಿತು. ಕಾಫಿ ತೋಟದ ಕೆಲಸಕ್ಕೆ ಬರುವ ಹುಚ್ಚಮ್ಮ ಉರಿಯುವ ಬೆಂಕಿಗೆ ತುಪ್ಪ ಸುರಿದಳು.

"ಗುಜರಿ ಗಾಡಿ ದಿನಾ ಗೇಟಿನ ಹತ್ರ ನಿಂತಿರ್ತದೆ ಅಮ್ಮಾ. ಅಯ್ಯೋರು ಮೆಲ್ಲಗೆ ಮಾತಾಡ್ತಿರ್ತಾರೆ."

"ಕೊಡ್ತಾರೋ, ತಗೊಳ್ತಾರೋ?"

"ಅದ್ನ ನಾ ನೋಡ್ಲಿಲ್ಲ."

ನೋಡುವ ಅಗತ್ಯವೇ ಇರಲಿಲ್ಲ. ನನ್ನ ಅವ್ವ ಗುಜರಿ ಪಾಲಾಗಿದ್ದಳು. ಎರಡು ತಿಂಗಳು ಸ್ಟೀಲ್ ಪಾತ್ರೆಯಲ್ಲಿ ನೀರು ಕಾಯಿಸಿಕೊಂಡು, ಅವರು ಪೇಟೆಗೆ ಹೊರಡುವುದನ್ನೇ ಕಾದೆ.

ಆಯುಧಪೂಜೆಯ ಬೆಳಿಗ್ಗೆ ಅವರು ಸೇವಂತಿಗೆ ತರಲು ಮೂಡಿಗೆರೆಗೆ ಹೋದರು. ಆ ಬೀಗದ ಇನ್ನೊಂದು ಕೈ ವರ್ಷಗಳಿಂದ ನನ್ನ ಸಾಸಿವೆ ಡಬ್ಬಿಯಲ್ಲಿದೆ. (ಗಂಡಸರಿಗೆ ಸಾಸಿವೆ ಡಬ್ಬಿ ಎಲ್ಲಿದೆಯೆಂದು ಗೊತ್ತಿರುವುದಿಲ್ಲ.) ತೆರೆದು ನೋಡುತ್ತೇನೆ, ಕೋಣೆಯ ನಡುವೆ ನನ್ನ ಹಂಡೆ! ಸುತ್ತ ಗುಜರಿಯಿಂದ ಕೊಂಡ ಪೈಪುಗಳು, ಹೊಟ್ಟೆಯ ಮೇಲೆ ಗಡಿಯಾರ, ನೆತ್ತಿಯಲ್ಲಿ ವಿಷಲ್. ಗೋಡೆಯ ಮೇಲೊಂದು ಬೋರ್ಡು: 'ನಮ್ಮ ಹೋಮ್‌ಸ್ಟೇ ಅತಿಥಿಗಳಿಗೆ ಹಬೆಯಂತ್ರ ಯುಗದ ಸ್ಟೀಮ್‌ಪಂಕ್ ದಿವಾನಖಾನೆ'.

ಮಾರಿಲ್ಲ! ಕಣ್ಣಲ್ಲಿ ನೀರೇ ಬಂತು. ಆದರೆ ಅವ್ವನ ಹೆಸರೇ ಕಾಣದಷ್ಟು ಕಿಲುಬು. ಕತ್ತಿ, ಕೊಡಲಿ, ಜೀಪು ಎಲ್ಲ ತೊಳೆದು ವಿಭೂತಿ ಹಚ್ಚುವ ದಿನ ಇದೆಂಥ ಅನಿಷ್ಟ! ಹುಣಸೆಹಣ್ಣು, ಬೂದಿ ತಂದು ತಿಕ್ಕತೊಡಗಿದೆ. ಹಂಡೆ ಮುಗಿದ ಮೇಲೆ ಚಕ್ರ, ಆಮೇಲೆ ಪೈಪು. ತುಕ್ಕಿನ ಪುಡಿ ಕಣ್ಣಿಗೆ ಹಾರುತ್ತಿತ್ತು, ಮೇಜಿನ ಮೇಲಿದ್ದ ಹಿತ್ತಾಳೆ ಚೌಕಟ್ಟಿನ ದಪ್ಪ ಕನ್ನಡಕ ಹಾಕಿಕೊಂಡೆ. ತಲೆಗೆ ಜೇಡರ ಬಲೆ ಹತ್ತುತ್ತಿತ್ತು, ಅಲ್ಲೇ ಇದ್ದ ಉದ್ದನೆಯ ಕರಿ ಟೋಪಿಯನ್ನೂ ಇಟ್ಟುಕೊಂಡೆ.

ಬಾಗಿಲು ತೆರೆಯಿತು. ನಮ್ಮವರು, ಅವರ ಹಿಂದೆ ಬೆಂಗಳೂರಿನ ಆರು ಅತಿಥಿಗಳು.

"ಸರ್ವಮಂಗಳಾ! ಹಳೇ ಯಂತ್ರದ ಹಾಗೆ ಕಾಣ್ಲಿ ಅಂತ ಎರಡು ತಿಂಗ್ಳು ಉಪ್ಪು, ವಿನಿಗರ್ ಬಳಿದು ಹಿಡಿಸಿದ ಕಿಲುಬು ಕಣೇ ಅದು! ಕೈಯಲ್ಲಿ ಕಾಸಿಲ್ದೆ ಮಾಡಿದ್ದು!" ಎಂದು ನಮ್ಮವರು ಕೂಗಿಕೊಂಡರು.

"ಹಬ್ಬದ ದಿನ ಕಿಲುಬು ಇಟ್ಕೊಂಡು ಕೂರ್ತಾರೇನ್ರೀ? ನನ್ನ ಹಂಡೆ ನಾನು ತಿಕ್ತೀನಿ, ಯಾರಿಗೇನು?"

"ಸಾರ್, ತಡೀಬೇಡಿ ಅವ್ರನ್ನ!" ಎಂದಳು ಅತಿಥಿಗಳಲ್ಲೊಬ್ಬಳು, ಮೊಬೈಲ್ ಎತ್ತಿಕೊಂಡು. "ಆ ಟೋಪಿ, ಆ ಕೋಪ! ಆಂಟಿ, ಇನ್ನೊಂದ್ಸಲ ಬೈಯ್ರಿ!"

ಆ ವಿಡಿಯೋ ಎಲ್ಲೆಲ್ಲಿ ಹೋಯಿತೋ ಶಿವನೇ ಬಲ್ಲ. ಹೋಮ್‌ಸ್ಟೇ ಈಗ ಯುಗಾದಿವರೆಗೆ ಭರ್ತಿ. ನಮ್ಮವರು ಪ್ರತಿ ಸೋಮವಾರ ಶ್ರದ್ಧೆಯಿಂದ ಹಂಡೆಗೆ ಉಪ್ಪು, ವಿನಿಗರ್ ಬಳಿಯುತ್ತಾರೆ. ಶನಿವಾರ ಹನ್ನೊಂದಕ್ಕೆ ನಾನು ಟೋಪಿ, ಕನ್ನಡಕ ಧರಿಸಿ ಜನರೆದುರು ಅದನ್ನು ತಿಕ್ಕುತ್ತೇನೆ, ನಡುನಡುವೆ ಬೈಯುತ್ತೇನೆ. ಬೈಗುಳ ಮಾತ್ರ ನಟನೆಯಲ್ಲ. ಅಂಗೈ ಸಿಪ್ಪೆ ಸುಲಿದಿದೆ.

ಮೊನ್ನೆ ಗುಜರಿ ಗಾಡಿ ಬಂತು. ನಮ್ಮವರು ತೋಟದಲ್ಲಿದ್ದರು. ಗೇಟಿನ ಹತ್ತಿರ ಹೋಗಿ, ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದೆ:

"ತಾಮ್ರದ ಹಂಡೆ ತಗೊಳ್ತೀಯೇನಪ್ಪಾ?"